ರೂಕಿ ವರ್ಷ ಕೆಟ್ಟರೆ ಆಯ್ಕೆಯೂ ಕೆಟ್ಟಿತೇ?

ಪ್ರಶ್ನೆ: ನಾವು ಮೈಸೂರಿನವರು, ಈಗ ಅಮೆರಿಕದ ಶಾರ್ಲೆಟ್‌ನಲ್ಲಿದ್ದೇವೆ. ಮಗನ ದೆಸೆಯಿಂದ ನನಗೂ ಇಲ್ಲಿನ ಫುಟ್‌ಬಾಲ್ ಹುಚ್ಚು ಹತ್ತಿದೆ. ನಮ್ಮೂರಿನ ಪ್ಯಾಂಥರ್ಸ್ ತಂಡ 2023ರ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ತಂಡಗಳು ಆರಿಸಿಕೊಳ್ಳುವ ಸರದಿ) ಎಲ್ಲರಿಗಿಂತ ಮೊದಲು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಕ್ರಮಣ ನಡೆಸುವ ಆಟಗಾರ, ಬ್ರೈಸ್ ಯಂಗ್‌ನನ್ನು ಆರಿಸಿಕೊಂಡಿತು. ಆ ವರ್ಷ 17 ಪಂದ್ಯಗಳಲ್ಲಿ 15 ಸೋತೆವು. ಸೀಸನ್ ಮುಗಿಯುವ ಮೊದಲೇ ಆಫೀಸಿನಲ್ಲಿ ಎಲ್ಲರೂ ಅವನನ್ನು ‘ಬಸ್ಟ್’ (ದಂಡವಾದ ಆಯ್ಕೆ) ಅಂತ ತೀರ್ಮಾನಿಸಿಬಿಟ್ಟಿದ್ದರು. ಮಗ ಮಾತ್ರ ‘ಪೇಟನ್ ಮ್ಯಾನಿಂಗ್ ಕೂಡ ಮೊದಲ ವರ್ಷ ಹೀಗೇ ಆಡಿದ್ದು’ ಅಂತ ಇಂದಿಗೂ ವಾದ ಮಾಡುತ್ತಾನೆ. ಮೊದಲ ವರ್ಷದ ಆಟ ನೋಡಿ ಆಯ್ಕೆ ಸರಿಯೋ ತಪ್ಪೋ ಹೇಳಬಹುದೇ? ಹೇಳುವುದಾದರೆ ಏನನ್ನು ನೋಡಬೇಕು?

ಉತ್ತರ: ನಿಮ್ಮ ಮಗ ಹೇಳುವುದು ನಿಜ. ಆದರೆ ಆ ಮಾತನ್ನು ಅವನು ಅರ್ಧಕ್ಕೇ ನಿಲ್ಲಿಸಿದ್ದಾನೆ. ಉಳಿದರ್ಧ ಹೇಳಿದರೆ ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲೇ ಸಿಗುತ್ತದೆ.

1998ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ ಮೊದಲ ಆಯ್ಕೆಯಾಗಿ ಮ್ಯಾನಿಂಗ್ ಅವರನ್ನು ತೆಗೆದುಕೊಂಡಿತು. ಆ ಸೀಸನ್‌ನಲ್ಲಿ ಅವರು ಎಸೆದ 28 ಪಾಸ್ ಎದುರಾಳಿಗಳ ಕೈ ಸೇರಿದವು. ರೂಕಿಯೊಬ್ಬ, ಅಂದರೆ ಮೊದಲ ವರ್ಷದ ಆಟಗಾರನೊಬ್ಬ, ಕೊಟ್ಟ ಇಂಥ ಇಂಟರ್ಸೆಪ್ಷನ್‌ಗಳ ಲೆಕ್ಕದಲ್ಲಿ ಅದು ಎನ್‌ಎಫ್‌ಎಲ್ (ಇಲ್ಲಿನ ವೃತ್ತಿಪರ ಲೀಗ್) ದಾಖಲೆ. ತಂಡ ಗೆದ್ದದ್ದು 3, ಸೋತದ್ದು 13. ಅದೇ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಸ್ಯಾನ್ ಡಿಯಾಗೋ ಚಾರ್ಜರ್ಸ್ ಸೇರಿದವರು ರಯಾನ್ ಲೀಫ್. ಅವರದೂ ಹಾಳು ವರ್ಷವೇ: 2 ಟಚ್‌ಡೌನ್ (ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಬರುವುದು), 15 ಇಂಟರ್ಸೆಪ್ಷನ್. ಮ್ಯಾನಿಂಗ್ ಮರುವರ್ಷವೇ 13 ಪಂದ್ಯ ಗೆಲ್ಲಿಸಿಕೊಟ್ಟರು, ಐದು ಸಲ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಆದರು, ಎರಡು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದರು. ಲೀಫ್ ಇಡೀ ವೃತ್ತಿಜೀವನದಲ್ಲಿ 14 ಟಚ್‌ಡೌನ್ ಪಾಸ್ ಎಸೆದು ಮರೆಯಾದರು. ಕೆಟ್ಟ ಮೊದಲ ವರ್ಷ ಕಂಡವರಲ್ಲಿ ಮ್ಯಾನಿಂಗ್ ಇದ್ದಾರೆ, ಲೀಫ್ ಕೂಡ ಇದ್ದಾರೆ. ಹಾಗಾಗಿ ‘ಮೊದಲ ವರ್ಷ ಕೆಟ್ಟದಾಗಿತ್ತು’ ಎಂಬುದೊಂದನ್ನೇ ಹಿಡಿದು ಯಾರ ಪರವಾಗಿಯೂ ವಾದ ಮಾಡಲು ಬರುವುದಿಲ್ಲ.

ಆದರೆ ಆ ಎರಡು ವರ್ಷಗಳ ಒಳಗೆ ಇಳಿದು ನೋಡಿ. ಮ್ಯಾನಿಂಗ್ ಹದಿನಾರೂ ಪಂದ್ಯ ಆಡಿ 575 ಪಾಸ್ ಎಸೆದಿದ್ದರು. ಅಂದರೆ ಸುಮಾರು 20 ಎಸೆತಕ್ಕೊಂದು ಇಂಟರ್ಸೆಪ್ಷನ್. ಲೀಫ್ ಎಸೆದದ್ದು 245, ಸುಮಾರು 16ಕ್ಕೊಂದು. ಇಲ್ಲಿಯವರೆಗೆ ಅಂತರ ಸಣ್ಣದೇ. ಟಚ್‌ಡೌನ್ ಲೆಕ್ಕಕ್ಕೆ ಬನ್ನಿ: ಮ್ಯಾನಿಂಗ್ 22 ಎಸೆತಕ್ಕೊಂದು, ಲೀಫ್ 120ಕ್ಕೂ ಹೆಚ್ಚು ಎಸೆತಕ್ಕೊಂದು. ಮ್ಯಾನಿಂಗ್ ಅವರ 26 ಟಚ್‌ಡೌನ್ ಆ ಕಾಲಕ್ಕೆ ರೂಕಿಗಳ ದಾಖಲೆಯಾಗಿತ್ತು. ಒಂದೇ ಸೀಸನ್‌ನಲ್ಲಿ ತಪ್ಪಿನ ದಾಖಲೆಯೂ ಒಳ್ಳೆಯ ಆಟದ ದಾಖಲೆಯೂ ಒಬ್ಬರದೇ. ಎದುರಾಳಿ ರಕ್ಷಣೆಯನ್ನು ಓದಲು ಕಲಿಯುತ್ತಿರುವ, ಹೆದರದೆ ಎಸೆಯುತ್ತಿರುವ, ಸೋಲುತ್ತಿರುವ ತಂಡಕ್ಕಾಗಿ ಪ್ರತಿ ವಾರ ಹಿಂದಿನಿಂದ ಅಟ್ಟಿಸಿಕೊಂಡು ಹೋಗಬೇಕಾದ ಹುಡುಗನ ತಪ್ಪುಗಳು ಅವು. ಲೀಫ್ ಅವರ ಕತೆ ಬೇರೆ. ಮೊದಲೆರಡು ಪಂದ್ಯ ಗೆದ್ದ ಅವರು ಮೂರನೆಯದರಲ್ಲಿ, ಕಾನ್ಸಾಸ್ ಸಿಟಿ ಎದುರು, 15 ಪಾಸ್‌ಗಳಲ್ಲಿ ಒಂದನ್ನು ಮಾತ್ರ ತಲುಪಿಸಿದರು. ಸಿಕ್ಕಿದ್ದು 4 ಗಜ. ಮರುದಿನ ಲಾಕರ್ ರೂಮಿನಲ್ಲಿ ವರದಿಗಾರರೊಬ್ಬರ ಮೇಲೆ ಕೂಗಾಡಿದ್ದು ಟಿವಿಯಲ್ಲಿ ಊರಿಗೆಲ್ಲ ಕಂಡಿತು. ನವೆಂಬರ್ ಹೊತ್ತಿಗೆ ಅವರು ಬೆಂಚಿನಲ್ಲಿದ್ದರು.

ಹಾಗಾಗಿ ನಾನು ಕೇಳುವ ಪ್ರಶ್ನೆ ಇದು: ತಪ್ಪು ಎಷ್ಟು ಎಂಬುದಿರಲಿ, ತಪ್ಪು ಎಂಥದ್ದು, ಎಲ್ಲಿಂದ ಬಂತು?

ಮುಂದೆ ಹೋಗುವ ಮೊದಲು, ಈ ಆಟ ಹೊಸದಾದ ಓದುಗರಿಗಾಗಿ ಎರಡು ಮಾತು. ಡ್ರಾಫ್ಟ್ ಎಂದರೆ ಐಪಿಎಲ್ ಹರಾಜಿನ ಹಾಗಲ್ಲ, ಇಲ್ಲಿ ಬೆಲೆ ಕೂಗುವುದಿಲ್ಲ. ಕಾಲೇಜು ಮುಗಿಸಿ ಬರುವ ಆಟಗಾರರನ್ನು 32 ತಂಡಗಳು ಏಪ್ರಿಲ್ ಕೊನೆಯಲ್ಲಿ ಏಳು ಸುತ್ತುಗಳಲ್ಲಿ ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ತಂಡಗಳು ಸರದಿಯನ್ನು ತಮ್ಮೊಳಗೆ ಅದಲುಬದಲು ಮಾಡಿಕೊಳ್ಳಬಹುದು. ಈ ವ್ಯವಸ್ಥೆಯಲ್ಲೇ ನಿಮ್ಮ ಪ್ರಶ್ನೆಯ ಅರ್ಧ ಕಾರಣ ಇದೆ. ಅತ್ಯುತ್ತಮ ಎನಿಸಿದ ಹುಡುಗ ಹೋಗಿ ಸೇರುವುದು ಅತಿ ದುರ್ಬಲ ತಂಡವನ್ನು. ಅಲ್ಲಿ ಅವನನ್ನು ಕಾಯುವ ಸಾಲು ಸರಿಯಿರುವುದಿಲ್ಲ, ಚೆಂಡು ಹಿಡಿಯುವವರು ಸರಿಯಿರುವುದಿಲ್ಲ. ಕೋಚ್ ಕೂಡ ಬಹಳ ಸಲ ಹೊಸಬ, ಇಲ್ಲವೇ ಕೆಲಸ ಕಳೆದುಕೊಳ್ಳುವ ಭಯದಲ್ಲಿರುವವನು.

ಅದರ ಮೇಲೆ ದಣಿವು. ಡಿಸೆಂಬರ್–ಜನವರಿಯಲ್ಲಿ ಕಾಲೇಜು ಸೀಸನ್ ಮುಗಿಯುತ್ತದೆ. ಅದರ ಬೆನ್ನಿಗೇ ಇಂಡಿಯಾನಾಪೊಲಿಸ್‌ನ ಕಂಬೈನ್ ಪರೀಕ್ಷೆಗೆ ತಯಾರಿ, ತಂಡಗಳ ಸಂದರ್ಶನ, ಏಪ್ರಿಲ್‌ನಲ್ಲಿ ಡ್ರಾಫ್ಟ್, ಮೇಯಲ್ಲಿ ರೂಕಿ ಶಿಬಿರ, ಜುಲೈನಲ್ಲಿ ತರಬೇತಿ ಶಿಬಿರ, ಸೆಪ್ಟೆಂಬರ್‌ನಿಂದ 17 ಪಂದ್ಯ. ಕಾಲೇಜಿನ ಸಾಮಾನ್ಯ ಸೀಸನ್ ಇರುವುದು 12 ಪಂದ್ಯದ್ದು. ನವೆಂಬರ್ ಹೊತ್ತಿಗೆ ರೂಕಿಯೊಬ್ಬನ ಕಾಲು ಭಾರವಾಗುವುದರಲ್ಲಿ ಆಶ್ಚರ್ಯವಿಲ್ಲ. ಎರಡನೇ ವರ್ಷಕ್ಕೆ ಮೊದಲು ಅವನಿಗೆ ನಿಜವಾದ ಬಿಡುವು, ಅದೇ ಆಟದ ಪುಸ್ತಕವನ್ನು ಮತ್ತೊಮ್ಮೆ ಓದುವ ಅವಕಾಶ ಎರಡೂ ಸಿಗುತ್ತವೆ. ಎಷ್ಟೋ ಆಟಗಾರರು ಎರಡನೇ ವರ್ಷ ಬೇರೆಯವರಂತೆ ಕಾಣುವುದು ಇದರಿಂದ.

ಸುತ್ತಲಿನ ಪರಿಸ್ಥಿತಿ ಎಷ್ಟು ಬದಲಾವಣೆ ತರುತ್ತದೆ ಎಂಬುದಕ್ಕೆ ಜಾರೆಡ್ ಗಾಫ್ ಅವರಿಗಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 2016ರಲ್ಲಿ ರ್‍ಯಾಮ್ಸ್ ತಂಡದ, ಇಡೀ ಡ್ರಾಫ್ಟ್‌ನ ಮೊದಲ ಆಯ್ಕೆ. ಶುರುವಿನಿಂದ ಆಡಿದ ಏಳು ಪಂದ್ಯಗಳಲ್ಲಿ ಏಳೂ ಸೋಲು. 5 ಟಚ್‌ಡೌನ್, 7 ಇಂಟರ್ಸೆಪ್ಷನ್. ಸೀಸನ್ ನಡುವೆಯೇ ತಂಡ ಕೋಚ್ ಜೆಫ್ ಫಿಶರ್ ಅವರನ್ನು ಕೆಲಸದಿಂದ ತೆಗೆಯಿತು. ಮುಂದಿನ ಜನವರಿಯಲ್ಲಿ ಮೂವತ್ತರ ಹರೆಯದ ಶಾನ್ ಮೆಕ್‌ವೇ ಬಂದರು. ಎಡ ಅಂಚು ಕಾಯಲು ಆಂಡ್ರ್ಯೂ ವಿಟ್‌ವರ್ತ್ ಬಂದರು, ಚೆಂಡು ಹಿಡಿಯಲು ರಾಬರ್ಟ್ ವುಡ್ಸ್, ಕೂಪರ್ ಕಪ್ ಬಂದರು. 2017ರಲ್ಲಿ ಅದೇ ಗಾಫ್ 28 ಟಚ್‌ಡೌನ್, 7 ಇಂಟರ್ಸೆಪ್ಷನ್. ಲೀಗ್‌ನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ತಂಡ ಅವರದು. ಅದರ ಮುಂದಿನ ಸೀಸನ್ ಸೂಪರ್ ಬೌಲ್‌ವರೆಗೆ ಹೋಯಿತು. ಒಂದು ಬೇಸಿಗೆಯಲ್ಲಿ ಹುಡುಗನ ತೋಳು ಬದಲಾಗುವುದಿಲ್ಲ. ಸುತ್ತಮುತ್ತ ಎಲ್ಲವೂ ಬದಲಾಗಿತ್ತು.

ಹಾಗೆಂದು ಎಲ್ಲ ದೋಷವನ್ನೂ ಸುತ್ತಲಿನವರ ತಲೆಗೆ ಕಟ್ಟುವುದೂ ಸರಿಯಲ್ಲ. ಸ್ಯಾಕ್‌ಗಳ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದರ) ವಿಷಯದಲ್ಲಿ ಅಭಿಮಾನಿಗಳು ಎಡವುವುದು ಇಲ್ಲೇ. ಕ್ವಾರ್ಟರ್‌ಬ್ಯಾಕ್ ಚೆಂಡಿನ ಸಮೇತ ನೆಲಕ್ಕೆ ಬಿದ್ದ ಕೂಡಲೇ ಮುಂದಿನ ಸಾಲಿನ ಐವರನ್ನು ಬೈಯುತ್ತೇವೆ. 1998ರ ಕೋಲ್ಟ್ಸ್ ಬಡ ತಂಡವೇ ಆಗಿತ್ತು, ಆದರೂ ಮ್ಯಾನಿಂಗ್ ಬಿದ್ದದ್ದು 22 ಸಲ ಮಾತ್ರ, ಏಕೆಂದರೆ ಚೆಂಡು ಅವರ ಕೈಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಚೆಂಡನ್ನು ಬೇಗ ಬಿಡುವುದು ಕ್ವಾರ್ಟರ್‌ಬ್ಯಾಕ್‌ನ ಗುಣ. ಇನ್ನೊಂದು ತುದಿಯಲ್ಲಿ ಡೇವಿಡ್ ಕಾರ್ ಇದ್ದಾರೆ: 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ತಂಡದ ಮೊದಲ ಆಯ್ಕೆ. ಆ ಒಂದೇ ವರ್ಷ 76 ಸಲ ಸ್ಯಾಕ್ ಆದರು, ಅದು ಲೀಗ್ ದಾಖಲೆ. ಅವರನ್ನು ಕಾಯಲೆಂದೇ ತಂದಿದ್ದ ಟೋನಿ ಬೊಸೆಲ್ಲಿ ಗಾಯದಿಂದಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಇಲ್ಲಿ ತಂಡದ ದೋಷ ದೊಡ್ಡದು, ಒಪ್ಪೋಣ. ಆದರೆ 2005ರಲ್ಲೂ ಕಾರ್ 68 ಸಲ ಬಿದ್ದರು. ನಾಲ್ಕನೇ ವರ್ಷಕ್ಕೆ ಬರುವಾಗ ತಂಡ ಕೊಟ್ಟ ಪೆಟ್ಟು ಯಾವುದು, ಆಟಗಾರನ ಅಭ್ಯಾಸ ಯಾವುದು ಅಂತ ಬೇರ್ಪಡಿಸುವುದೇ ಕಷ್ಟವಾಗಿತ್ತು. ಕೆಟ್ಟ ಪರಿಸರವನ್ನು ‘ನೆಪ’ ಎಂದು ತಳ್ಳಿಹಾಕುವವರು ಇದನ್ನು ಯೋಚಿಸಬೇಕು. ಕೆಟ್ಟ ಪರಿಸರ ಒಳ್ಳೆಯ ಆಟಗಾರನನ್ನು ಮರೆಮಾಡುವುದಷ್ಟೇ ಅಲ್ಲ, ಕೆಲವೊಮ್ಮೆ ಕೆಡಿಸಿಯೇ ಬಿಡುತ್ತದೆ.

ಈಗ ನಿಮ್ಮ ಯಂಗ್ ಅವರ ವಿಷಯ. 2023ರಲ್ಲಿ 11 ಟಚ್‌ಡೌನ್, 10 ಇಂಟರ್ಸೆಪ್ಷನ್, 62 ಸ್ಯಾಕ್. ಕೋಚ್ ಫ್ರ್ಯಾಂಕ್ ರೈಕ್ 11 ಪಂದ್ಯಕ್ಕೇ ಮನೆಗೆ ಹೋದರು. ಸೀಸನ್‌ನ ಕೊನೆಯ ಎರಡು ಪಂದ್ಯಗಳಲ್ಲಿ ತಂಡಕ್ಕೆ ಒಂದು ಅಂಕವೂ ಬರಲಿಲ್ಲ. ಎರಡನೆಯವರಾಗಿ ಆಯ್ಕೆಯಾದ ಸಿ.ಜೆ. ಸ್ಟ್ರೌಡ್ ಹ್ಯೂಸ್ಟನ್‌ನಲ್ಲಿ 23 ಟಚ್‌ಡೌನ್, 5 ಇಂಟರ್ಸೆಪ್ಷನ್‌ನೊಂದಿಗೆ ವರ್ಷದ ರೂಕಿ ಪ್ರಶಸ್ತಿ ಪಡೆದಿದ್ದರು. ನಿಮ್ಮ ಆಫೀಸಿನವರಿಗೆ ನೋವಾದದ್ದು ಸಹಜ. 2024ರಲ್ಲಿ ಡೇವ್ ಕನಾಲಿಸ್ ಕೋಚ್ ಆಗಿ ಬಂದರು, ಸಾಲಿನ ನಡುವೆ ರಾಬರ್ಟ್ ಹಂಟ್, ಡೇಮಿಯನ್ ಲೂಯಿಸ್ ಎಂಬ ಇಬ್ಬರು ಗಾರ್ಡ್‌ಗಳನ್ನು ತಂದರು. ಆದರೂ ಎರಡೇ ಪಂದ್ಯಕ್ಕೆ ಯಂಗ್ ಬೆಂಚಿಗೆ ಹೋದರು. ಅಕ್ಟೋಬರ್ ಕೊನೆಯಲ್ಲಿ ಮರಳಿ ಬಂದ ಮೇಲೆ 15 ಟಚ್‌ಡೌನ್, 6 ಇಂಟರ್ಸೆಪ್ಷನ್. ಕೊನೆಯ ಪಂದ್ಯದಲ್ಲಿ ಅಟ್ಲಾಂಟಾವನ್ನು ಅದರ ಅಂಗಳದಲ್ಲೇ ಓವರ್‌ಟೈಮ್‌ನಲ್ಲಿ 44–38ರಿಂದ ಸೋಲಿಸಿದರು. ಬೆಂಚಿನಲ್ಲಿದ್ದ ಆ ಕೆಲವು ವಾರ ಅವರಿಗೆ ಉಪಕಾರವನ್ನೇ ಮಾಡಿತು ಎಂಬುದು ನನ್ನ ಅಭಿಪ್ರಾಯ. ಮೊದಲ ವರ್ಷ ಅವರ ಕಣ್ಣು ಮೈಮೇಲೆ ಬರುವವರ ಕಡೆ ಇಳಿಯುತ್ತಿತ್ತು, ಮರಳಿದ ಮೇಲೆ ಮೈದಾನದ ದೂರಕ್ಕೆ ನೋಡುತ್ತಿತ್ತು. ಅಂಕಿಗಿಂತ ಮೊದಲು ನಾನು ಹುಡುಕುವುದು ಇಂಥ ಬದಲಾವಣೆಯನ್ನೇ.

ಆದರೆ ಒಂದು ಮಾತನ್ನು ನಿಮ್ಮ ಮಗನಿಗೆ ಬಿಡಿಸಿ ಹೇಳಿ. ಆಟಗಾರ ಒಳ್ಳೆಯವನಾಗುವುದು ಒಂದು ಲೆಕ್ಕ, ಆಯ್ಕೆ ಒಳ್ಳೆಯದಾಗುವುದು ಇನ್ನೊಂದು ಲೆಕ್ಕ. ಯಂಗ್ ಅವರಿಗಾಗಿ ಪ್ಯಾಂಥರ್ಸ್ ಒಂಬತ್ತನೇ ಸ್ಥಾನದಿಂದ ಮೊದಲನೆಯದಕ್ಕೆ ಏರಬೇಕಾಯಿತು. ಅದಕ್ಕೆ ಶಿಕಾಗೋ ಬೇರ್ಸ್‌ಗೆ ಕೊಟ್ಟದ್ದು ಆ ವರ್ಷದ ಮೊದಲೆರಡು ಸುತ್ತಿನ ಸರದಿ, 2024ರ ಮೊದಲ ಸುತ್ತಿನ ಸರದಿ, 2025ರ ಎರಡನೇ ಸುತ್ತಿನ ಸರದಿ, ಜೊತೆಗೆ ತಂಡದ ಅತ್ಯುತ್ತಮ ರಿಸೀವರ್ ಡಿ.ಜೆ. ಮೂರ್. ಹೊಸ ಹುಡುಗ ಯಾರಿಗೆ ಚೆಂಡು ಎಸೆಯಬೇಕಿತ್ತೋ ಅವರನ್ನೇ ಕೊಟ್ಟು ಹುಡುಗನನ್ನು ತಂದ ಹಾಗಾಯಿತು. ತಂಡ 2–15ಕ್ಕೆ ಕುಸಿದ ಕಾರಣ 2024ರ ಆ ಸರದಿ ಇಡೀ ಡ್ರಾಫ್ಟ್‌ನ ಮೊದಲ ಸರದಿಯಾಯಿತು. ಶಿಕಾಗೋ ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ಅವರನ್ನು ಆರಿಸಿತು. ಯಂಗ್ ಹತ್ತು ವರ್ಷ ಚೆನ್ನಾಗಿ ಆಡಿದರೂ ಈ ವ್ಯವಹಾರ ನಷ್ಟದ್ದೇ ಆಗಿ ಉಳಿಯಬಹುದು. ಅದರ ಹೊಣೆ ಯಂಗ್ ಅವರದಲ್ಲ, ಬೆಲೆ ನಿಗದಿ ಮಾಡಿದವರದು. ಈ ಎರಡನ್ನೂ ಕಲಸಿ ಆಟಗಾರನನ್ನೇ ಬೈಯುವುದು ನನಗೆ ಬಹಳ ಬೇಸರ ತರುವ ಸಂಗತಿ.

ಇದೇ ಗೊಂದಲ ಜಾಶ್ ರೋಸನ್ ಅವರ ವಿಷಯದಲ್ಲೂ ಆಯಿತು. 2018ರಲ್ಲಿ ಅರಿಜೋನಾ ಕಾರ್ಡಿನಲ್ಸ್ ಹತ್ತನೇ ಸ್ಥಾನದಲ್ಲಿ ಅವರನ್ನು ಆರಿಸಿತು. 11 ಟಚ್‌ಡೌನ್, 14 ಇಂಟರ್ಸೆಪ್ಷನ್, ತಂಡ 3–13, ಕೋಚ್ ಒಂದೇ ವರ್ಷಕ್ಕೆ ಔಟ್. ಮರುವರ್ಷ ಮೊದಲ ಸರದಿ ಕೈಗೆ ಬಂದಾಗ ತಂಡ ಕೈಲರ್ ಮರ್ರೆ ಅವರನ್ನು ಆರಿಸಿ, ರೋಸನ್ ಅವರನ್ನು ಮಯಾಮಿಗೆ ಕಳಿಸಿತು. ಒಂದೇ ವರ್ಷಕ್ಕೆ ಹುಡುಗನನ್ನು ಕೈಬಿಟ್ಟರು ಎಂದು ಬೈಗುಳದ ಮಳೆಯಾಯಿತು. ನನಗೆ ಆ ತೀರ್ಮಾನದಲ್ಲಿ ತಪ್ಪು ಕಾಣುವುದಿಲ್ಲ. ‘ರೋಸನ್ ಎಂದೂ ಆಡಲಾರ’ ಎಂದು ತಂಡ ತೀರ್ಪು ಕೊಡಬೇಕಿರಲಿಲ್ಲ. ಕೈಯಲ್ಲಿರುವವನು ಮತ್ತು ಸಿಗಬಹುದಾದವನು, ಇಬ್ಬರಲ್ಲಿ ಯಾರು ಉತ್ತಮ ಎಂದು ಹೇಳಿದರೆ ಸಾಕಿತ್ತು. ಮರ್ರೆ ಆ ವರ್ಷದ ರೂಕಿ ಪ್ರಶಸ್ತಿ ಗೆದ್ದರು. ರೋಸನ್ ಎಲ್ಲೂ ನೆಲೆ ಕಾಣಲಿಲ್ಲ.

ಅದೇ 2018ರ ಡ್ರಾಫ್ಟ್‌ನ ಏಳನೇ ಆಯ್ಕೆ ಬಫಲೋದ ಜಾಶ್ ಆಲೆನ್. ಅವರ ಮೊದಲ ವರ್ಷದ ಅಂಕಿ ರೋಸನ್‌ಗಿಂತ ಬಹಳ ಮೇಲೇನೂ ಇರಲಿಲ್ಲ: 10 ಟಚ್‌ಡೌನ್, 12 ಇಂಟರ್ಸೆಪ್ಷನ್, ತಲುಪಿದ ಪಾಸ್ ನೂರಕ್ಕೆ 52.8. ಎರಡು ವರ್ಷದ ನಂತರ 69.2, ಜೊತೆಗೆ 37 ಟಚ್‌ಡೌನ್. 2024ರ ಎಂವಿಪಿ ಅವರೇ. ಮೊದಲ ವರ್ಷದಲ್ಲಿ ಏನು ಕಾಣುತ್ತಿತ್ತು? ಓಟ. 631 ಗಜ, 8 ಟಚ್‌ಡೌನ್ ಕಾಲಿನಿಂದಲೇ ಬಂದಿದ್ದವು. ಎಸೆತ ಗುರಿ ತಪ್ಪಿದ ದಿನವೂ ಪಂದ್ಯ ಗೆಲ್ಲಿಸಬಲ್ಲ ಒಂದು ಗುಣ, ಪ್ರತಿ ವಾರ ಕಾಣುವಂಥದ್ದು, ಅವರಲ್ಲಿತ್ತು. ತಂಡ ಕೂಡ ಗಡಿಬಿಡಿ ಮಾಡಲಿಲ್ಲ. ಆಕ್ರಮಣದ ಕೋಚ್ ಬ್ರಯಾನ್ ಡೇಬಲ್ ಅವರನ್ನು ನಾಲ್ಕು ಸೀಸನ್ ಬದಲಿಸದೆ ಇಟ್ಟುಕೊಂಡಿತು, 2020ಕ್ಕೆ ಸ್ಟೆಫನ್ ಡಿಗ್ಸ್ ಅವರನ್ನು ತಂದುಕೊಟ್ಟಿತು. ಇದಕ್ಕೆ ಪೂರ್ತಿ ವಿರುದ್ಧ 2005ರ ಮೊದಲ ಆಯ್ಕೆ ಅಲೆಕ್ಸ್ ಸ್ಮಿತ್. ಮೊದಲ ವರ್ಷ 1 ಟಚ್‌ಡೌನ್, 11 ಇಂಟರ್ಸೆಪ್ಷನ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ನಾಲ್ಕು ವರ್ಷ ಪ್ರತಿ ವರ್ಷವೂ ಹೊಸ ಆಕ್ರಮಣದ ಕೋಚ್. ಪ್ರತಿ ವರ್ಷವೂ ಆಟದ ಭಾಷೆ ಅ ಆ ಇ ಈಯಿಂದ ಶುರು. ಅವರು ಕೊನೆಗೆ ಗಟ್ಟಿ ಕ್ವಾರ್ಟರ್‌ಬ್ಯಾಕ್ ಆದರು, 2017ರಲ್ಲಿ ಪಾಸರ್ ರೇಟಿಂಗ್‌ನಲ್ಲಿ (ಎಸೆತದ ಗುಣಮಟ್ಟ ಅಳೆಯುವ ಅಂಕಿ) ಲೀಗ್‌ಗೇ ಮೊದಲಿಗರಾದರು. ಆ ಹೊತ್ತಿಗೆ ಡ್ರಾಫ್ಟ್ ಆಗಿ ಹನ್ನೆರಡು ವರ್ಷ ಕಳೆದಿತ್ತು, ಅವರು ಬೇರೆ ತಂಡದಲ್ಲಿದ್ದರು.

ಆಲೆನ್ ಹೆಸರು ಎತ್ತಿದಾಗ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಇಂಥ ಏರಿಕೆ ಅಪರೂಪ, ಅಪರೂಪವಾದ್ದರಿಂದಲೇ ನಮಗೆ ನೆನಪಿರುತ್ತದೆ. 2021ರಲ್ಲಿ ನ್ಯೂಯಾರ್ಕ್ ಜೆಟ್ಸ್ ಎರಡನೆಯವರಾಗಿ ಆರಿಸಿದ ಜ್ಯಾಕ್ ವಿಲ್ಸನ್ ಅವರಿಗೂ ‘ಆಲೆನ್ ಕೂಡ ಹೀಗೇ ಇದ್ದರು’ ಎಂಬ ಸಮಾಧಾನ ಸಿಗುತ್ತಿತ್ತು. ಆ ಏರಿಕೆ ಬರಲೇ ಇಲ್ಲ. 2020ರಲ್ಲಿ ಫಿಲಡೆಲ್ಫಿಯಾ 21ನೇ ಸ್ಥಾನದಲ್ಲಿ ರಿಸೀವರ್ ಜೇಲೆನ್ ರೇಗರ್ ಅವರನ್ನು ಆರಿಸಿತು, ಮಿನೆಸೋಟಾ 22ರಲ್ಲಿ ಜಸ್ಟಿನ್ ಜೆಫರ್ಸನ್ ಅವರನ್ನು. ಮೊದಲ ವರ್ಷ ರೇಗರ್ 396 ಗಜ, ಜೆಫರ್ಸನ್ 1,400. ಆ ವರ್ಷವೇ ಅಭಿಮಾನಿಗಳು ಕೊಟ್ಟ ತೀರ್ಪು ಮುಂದೆಯೂ ಸುಳ್ಳಾಗಲಿಲ್ಲ.

ಇನ್ನು, ಆಡುವ ಜಾಗ ಯಾವುದು ಎಂಬುದು ಮುಖ್ಯ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳು ಬಹುಮಟ್ಟಿಗೆ ತಯಾರಾಗಿಯೇ ಬರುತ್ತಾರೆ. ಮೊದಲ ವರ್ಷ ಏನೂ ಕಾಣದಿದ್ದರೆ ಚಿಂತೆ ಮಾಡಬಹುದು. ರಿಸೀವರ್‌ಗಳಿಗೆ ಸ್ವಲ್ಪ ಹೆಚ್ಚು ಕಾಲ ಕೊಡಿ: ಗ್ರೀನ್ ಬೇಯ ಡವಾಂಟೆ ಆಡಮ್ಸ್ ಮೊದಲ ವರ್ಷ 446 ಗಜ, ಎರಡನೇ ವರ್ಷ 483 ಗಜ ಮತ್ತು ಒಂದೇ ಟಚ್‌ಡೌನ್, ಮೂರನೇ ವರ್ಷ 12 ಟಚ್‌ಡೌನ್, ಆಮೇಲೆ ಲೀಗ್‌ನ ಅತ್ಯುತ್ತಮರ ಸಾಲು. ಸಾಲಿನ ಅಂಚು ಕಾಯುವ ಟ್ಯಾಕಲ್‌ಗಳ ವಿಷಯದಲ್ಲಂತೂ ಪರಿಣತರೇ ಆತುರಪಟ್ಟು ಕೆಡುತ್ತಾರೆ. ಮೊದಲ ಸುತ್ತಿನ ಆಟಗಾರನಿಗೆ ನಾಲ್ಕು ವರ್ಷದ ಒಪ್ಪಂದವಿರುತ್ತದೆ, ಐದನೇ ವರ್ಷ ಇಟ್ಟುಕೊಳ್ಳುವ ಹಕ್ಕನ್ನು ಮೂರು ಸೀಸನ್ ಮುಗಿದ ಮೇಲೆ ತಂಡ ಬಳಸಬಹುದು, ಬಿಡಬಹುದು. 2017ರಲ್ಲಿ ಡೆನ್ವರ್ ಆರಿಸಿದ ಗ್ಯಾರೆಟ್ ಬೋಲ್ಸ್ ಎದುರಾಳಿಯನ್ನು ಹಿಡಿದು ಎಳೆದು ದಂಡ ತರುವುದಕ್ಕೇ ಹೆಸರಾಗಿದ್ದರು. 2020ರ ಮೇಯಲ್ಲಿ ತಂಡ ಆ ಹಕ್ಕನ್ನು ಬಿಟ್ಟುಕೊಟ್ಟಿತು. ಅದೇ ವರ್ಷ ಅವರು ಆಲ್-ಪ್ರೋ (ಲೀಗ್‌ನ ಆ ವರ್ಷದ ಅತ್ಯುತ್ತಮರ ಪಟ್ಟಿ) ಎರಡನೇ ತಂಡಕ್ಕೆ ಆಯ್ಕೆಯಾದರು. ಸೀಸನ್ ಮುಗಿಯುವ ಮೊದಲೇ ಅದೇ ಡೆನ್ವರ್ ಅವರೊಂದಿಗೆ ಹೊಸ ಒಪ್ಪಂದ ಮಾಡಿಕೊಂಡಿತು.

ಉಲ್ಟಾ ತಪ್ಪು ಕೂಡ ಅಷ್ಟೇ ಸಾಮಾನ್ಯ. 2021ರಲ್ಲಿ ನ್ಯೂ ಇಂಗ್ಲೆಂಡ್‌ನ ಮ್ಯಾಕ್ ಜೋನ್ಸ್ ಮೊದಲ ವರ್ಷವೇ ತಂಡವನ್ನು ಪ್ಲೇಆಫ್‌ಗೆ ಒಯ್ದರು. ಆಕ್ರಮಣದ ಕೋಚ್ ಜಾಶ್ ಮೆಕ್‌ಡ್ಯಾನಿಯಲ್ಸ್ ಬೇರೆ ತಂಡಕ್ಕೆ ಹೋದರು, ಜೋನ್ಸ್ ಆಟ ಇಳಿಯಿತು, 2024ರಲ್ಲಿ ತಂಡ ಅವರನ್ನು ಬಿಟ್ಟುಕೊಟ್ಟಿತು. ಸೋಲಿನ ವರ್ಷಕ್ಕೆ ಕೇಳುವ ಪ್ರಶ್ನೆಯನ್ನೇ ಗೆಲುವಿನ ವರ್ಷಕ್ಕೂ ಕೇಳಬೇಕು: ಇದರಲ್ಲಿ ಆಟಗಾರನ ಪಾಲೆಷ್ಟು, ಸುತ್ತಲಿನವರ ಪಾಲೆಷ್ಟು?

ಹಾಗಾದರೆ ಮುಂದಿನ ರೂಕಿಯನ್ನು ನೋಡುವಾಗ ನೀವೂ ಮಗನೂ ಏನು ಮಾಡಬಹುದು? ಇಡೀ ಸೀಸನ್‌ನ ಮೊತ್ತವನ್ನು ಬದಿಗಿಡಿ. ಸೆಪ್ಟೆಂಬರ್‌ನ ಎರಡು ಪಂದ್ಯ, ಡಿಸೆಂಬರ್‌ನ ಎರಡು ಪಂದ್ಯ ಪಕ್ಕಪಕ್ಕ ಇಟ್ಟು ನೋಡಿ. ಸೆಪ್ಟೆಂಬರ್‌ನಲ್ಲಿ ಮೋಸಹೋದ ಅದೇ ರಕ್ಷಣೆಗೆ ಡಿಸೆಂಬರ್‌ನಲ್ಲೂ ಮೋಸಹೋಗುತ್ತಿದ್ದಾನೆಯೇ? ಇಂಟರ್ಸೆಪ್ಷನ್ ಆದದ್ದು ರಿಸೀವರ್‌ನ ಕೈಗೆ ತಾಗಿ ಪುಟಿದಾಗಲೋ, ಇಪ್ಪತ್ತು ಅಂಕ ಹಿಂದಿದ್ದು ಕೊನೆಯ ನಿಮಿಷಗಳಲ್ಲಿ ಜೂಜಾಡಿದಾಗಲೋ, ಇಲ್ಲ ಎದುರಿಗೇ ನಿಂತ ಲೈನ್‌ಬ್ಯಾಕರ್ (ಎದುರಾಳಿ ರಕ್ಷಕ) ಕಣ್ಣಿಗೇ ಬೀಳದಿದ್ದಾಗಲೋ? ಮೊದಲೆರಡನ್ನು ಕ್ಷಮಿಸಿ, ಮೂರನೆಯದನ್ನು ಬರೆದಿಟ್ಟುಕೊಳ್ಳಿ. ಸ್ಯಾಕ್ ಆದಾಗ ಮನಸ್ಸಿನಲ್ಲೇ ಎಣಿಸಿ: ಎರಡು ಸೆಕೆಂಡ್ ಒಳಗೆ ಬಿದ್ದರೆ ಸಾಲಿನ ತಪ್ಪು, ನಾಲ್ಕು ಸೆಕೆಂಡ್ ಆದ ಮೇಲೂ ಚೆಂಡು ಕೈಯಲ್ಲೇ ಇದ್ದರೆ ಅವನದೇ. ಕ್ವಾರ್ಟರ್‌ಬ್ಯಾಕ್ ಆದರೆ ಎರಡನೇ ಸೀಸನ್‌ನ ಕೊನೆಯವರೆಗೆ ತೀರ್ಪು ತಡೆಹಿಡಿಯುವುದು ನ್ಯಾಯ ಎನ್ನುತ್ತೇನೆ, ಟ್ಯಾಕಲ್ ಆದರೆ ಮೂರನೆಯದರವರೆಗೆ.

ಮೊದಲ ವರ್ಷವೊಂದೇ ಸಾಕಾಗುವ ಸಂದರ್ಭ ಇಲ್ಲವೇ? ಇದೆ. ಒಂದಾದರೂ ಗುಣ ವಾರ ವಾರ ಮರುಕಳಿಸುವುದು ಕಾಣದಿದ್ದರೆ, ಅದರ ಜೊತೆಗೆ ಕಲಿಯುವ ಮನಸ್ಸೂ ಕಾಣದಿದ್ದರೆ, ನಾನು ಕಾಯುವುದಿಲ್ಲ. ಚಾರ್ಜರ್ಸ್ ಕಾಯಿತು. ಲೀಫ್ 1999ರ ಸೀಸನ್ ಪೂರ್ತಿ ಭುಜದ ಗಾಯದಿಂದ ಹೊರಗಿದ್ದರು, 2000ದಲ್ಲಿ 11 ಟಚ್‌ಡೌನ್, 18 ಇಂಟರ್ಸೆಪ್ಷನ್. ತಂಡ 1–15ಕ್ಕೆ ಇಳಿದ ಮೇಲೆ ಅವರನ್ನು ಬಿಟ್ಟಿತು. ಆ ಬೆಲೆ ತೆತ್ತವರಿಗೆ 2001ರ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಸಿಕ್ಕರು. ಮೂರನೇ ವರ್ಷ, 2003ರಲ್ಲಿ, ಬ್ರೀಸ್ 11 ಟಚ್‌ಡೌನ್, 15 ಇಂಟರ್ಸೆಪ್ಷನ್‌ನೊಂದಿಗೆ ಬೆಂಚು ಸೇರಿದಾಗ ಈ ಸಲ ತಂಡಕ್ಕೆ ತಾಳ್ಮೆ ಉಳಿದಿರಲಿಲ್ಲ. ಮರುವರ್ಷವೇ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಫಿಲಿಪ್ ರಿವರ್ಸ್ ಅವರನ್ನು ತಂದುಕೊಂಡಿತು. ಅದೇ 2004ರಲ್ಲಿ ಬ್ರೀಸ್ ಮತ್ತೆ ಎದ್ದು ನಿಂತರು. ಎರಡು ವರ್ಷದ ನಂತರ ನ್ಯೂ ಆರ್ಲಿಯನ್ಸ್ ಸೇರಿ, ಆ ಊರಿಗೆ ಮೊದಲ ಸೂಪರ್ ಬೌಲ್ ಗೆದ್ದುಕೊಟ್ಟರು.